ಒಳಲೆಯಿಂದ ತಾಟಿಗೆ ಬಂದ ನಮ್ಮ ಕೂಸು

ಮಾನ್ಯ ಓದುಗರ ಅವಗಾಹನೆಗೆ,

ಕಮಲಾಪುರದ ನಿವಾಸಿಯೂ, ಅಲ್ಲಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಕೆಲಸ ಮಾಡುತ್ತಿರುವವಳೂ ಆದ ಭಾಗ್ಯಶ್ರೀ ಎಂಬ ನಾನು ಈ ಮೂಲಕ ತಿಳಿಸಬಯಸುವುದೇನೆಂದರೆ, ನನ್ನ ಮಗಳು ಸೃಷ್ಟಿ, ತಾಯಿಯ ಹಾಲಿನ ಜೊತೆಗೆ ಅನ್ನಕ್ಕೂ ಬರಬೇಕಾದ ವಯಸ್ಸಿನಲ್ಲಿ ಬೆಳೆಯುವುದನ್ನು ನಿಲ್ಲಿಸಿದಳು, ಕಲಬುರಗಿಯ ಆಸ್ಪತ್ರೆ ಸೇರಿದಳು, ಈಗ ಆರೋಗ್ಯದಿಂದಿದ್ದಾಳೆ. ಕೊನೆಯ ಮಾತನ್ನು ಮೊದಲೇ ತಿಳಿಸಿರುವುದಕ್ಕೆ ಕಾರಣವಿದೆ. ಆ ದಿನಗಳಲ್ಲಿ ನಾನು ಇಂತಹ ಕೂಸುಗಳ ವಿಷಯವನ್ನು ಫೋನಿನಲ್ಲಿ ಹುಡುಕಿ ಓದುವಾಗ ಮೊದಲು ಕೊನೆಯ ಸಾಲಿಗೇ ಹೋಗುತ್ತಿದ್ದೆ. ಈಗ ಇದನ್ನು ಓದುತ್ತಿರುವವರಲ್ಲಿ ಯಾರಾದರೂ ತಾಯಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಲ್ಲಿ, ಅವರಿಗೆ ಆ ಶ್ರಮ ಬೇಡವೆಂದು ಹೀಗೆ ಬರೆದಿದ್ದೇನೆ.

ದಿನವಿಡೀ ಬೇರೆಯವರ ಪತ್ರಗಳನ್ನು ಟೈಪ್ ಮಾಡುವ ನನಗೆ ಸ್ವಂತದ್ದೆಂದು ಏನನ್ನೂ ಬರೆದು ರೂಢಿಯಿಲ್ಲ. ಭಾಷೆಯಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ನಡೆದ ಸಂಗತಿಯನ್ನು ಮಾತ್ರ ನಡೆದ ಹಾಗೆಯೇ ಬರೆಯಲು ಪ್ರಯತ್ನಿಸಿದ್ದೇನೆ.

ನಮ್ಮ ಮನೆಯಲ್ಲಿ ನಾವು ನಾಲ್ವರು. ನನ್ನ ಪತಿ ಶರಣು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾರೆ; ಕಮಲಾಪುರದಿಂದ ದಿನಾಲೂ ಬೈಕಿನ ಮೇಲೆ ಹೋಗಿ ಬರುತ್ತಾರೆ. ಅತ್ತೆಯವರ ಹೆಸರು ನೀಲಮ್ಮ. ಹೆರಿಗೆ ರಜೆ ಮುಗಿದು ನಾನು ಕಚೇರಿಗೆ ಮರಳುವ ಹೊತ್ತಿಗೆ ಕೂಸಿಗೆ ಮೇಲಿನ ಆಹಾರ ಶುರು ಮಾಡುವ ಕಾಲ ಬಂದಿತ್ತು. ಬೆಳಿಗ್ಗೆ ಮತ್ತು ಸಂಜೆ ನನ್ನ ಹಾಲು, ಹಗಲೆಲ್ಲ ಅತ್ತೆಯವರ ಕೈತುತ್ತು ಎಂದು ಮನೆಯಲ್ಲಿ ತೀರ್ಮಾನವಾಯಿತು. ಈ ತೀರ್ಮಾನದ ಬಗ್ಗೆ ಯಾರಿಗೂ ಆಕ್ಷೇಪಣೆ ಇರಲಿಲ್ಲ. ಅಂಥ ಅಜ್ಜಿ ಇರುವ ಕೂಸು ಪುಣ್ಯ ಮಾಡಿದೆ ಎಂದು ಓಣಿಯವರೇ ಹೇಳುತ್ತಿದ್ದರು.

ಇಲ್ಲಿ ಒಂದು ವಸ್ತುವಿನ ಬಗ್ಗೆ ವಿವರ ಸಲ್ಲಿಸಬೇಕಾಗಿದೆ. ಅದು ನಮ್ಮ ಮನೆಯ ಬೆಳ್ಳಿಯ ಒಳಲೆ. ಹಿಂದಿನಿಂದ ಬಂದದ್ದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪಾತ್ರೆ. ಒಂದು ಕಡೆ ಸಪೂರ ಮೂತಿ. ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ಆ ಮೂತಿಯನ್ನು ತುಟಿಗೆ ಹಚ್ಚಿ ಬಗ್ಗಿಸಿದರೆ ಒಳಗಿನದು ಸಣ್ಣ ಧಾರೆಯಾಗಿ ಇಳಿಯುತ್ತದೆ. ಅತ್ತೆಯವರು ನನ್ನ ಪತಿಗೆ ಕುಡಿಸಿದ್ದು ಅದರಲ್ಲಿಯೇ. ನಾಮಕರಣದ ದಿನ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ ಫಳಫಳ ಮಾಡಿ ಸೃಷ್ಟಿಯ ತೊಟ್ಟಿಲಲ್ಲಿ ಇಟ್ಟಿದ್ದರು.

ಅದರಲ್ಲಿ ಕುಡಿಸುತ್ತಿದ್ದುದು ಬೇಳೆಯ ಕಟ್ಟು. ಶರಣು ಮಿಲ್ಲಿನಿಂದ ಆರಿಸಿ ತಂದ ತೊಗರಿ ಬೇಳೆಯನ್ನು ಅತ್ತೆಯವರು ಸಣ್ಣ ಉರಿಯ ಮೇಲೆ ತಾಸುಗಟ್ಟಲೆ ಕುದಿಸುತ್ತಿದ್ದರು. ಬಳಿಕ ಮೇಲಿನ ನೀರನ್ನು ತೆಳುವಾದ ಮಲ್ಮಲ್ ಬಟ್ಟೆಯಲ್ಲಿ ಸೋಸುತ್ತಿದ್ದರು. ಒಂದು ಚೂರು ಬೇಳೆ ಉಳಿದರೂ ಮತ್ತೆ ಸೋಸುತ್ತಿದ್ದರು, ಏಕೆಂದರೆ ಅದು ಒಳಲೆಯ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.

“ಬ್ಯಾಳಿ ಸತ್ವೆಲ್ಲಾ ಕಟ್ಟಿನ್ಯಾಗ ಇಳೀತದ ಭಾಗ್ಯಾ. ಮ್ಯಾಲಿಂದು ಕೂಸಿಗಿ, ತಳದಾಗಿಂದು ನಮಗ,” ಎನ್ನುತ್ತಿದ್ದರು.

ಆ ಘಮಕ್ಕೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಸಂಜೆ ಬಂದು ನೋಡಿದರೆ ಕೂಸಿನ ಹೊಟ್ಟೆ ತುಂಬಿರುತ್ತಿತ್ತು, ಅತ್ತೆಯವರ ಮುಖದಲ್ಲಿ ಸಮಾಧಾನವಿರುತ್ತಿತ್ತು. ತಳದ ಗಟ್ಟಿ ಬೇಳೆಯಲ್ಲಿ ರೊಟ್ಟಿ ಅದ್ದಿಕೊಂಡು ನಾವು ಮೂವರೂ ಊಟ ಮಾಡುತ್ತಿದ್ದೆವು. ಕೂಸು ತೊಟ್ಟಿಲಲ್ಲಿರುತ್ತಿತ್ತು.

ಅಂಗನವಾಡಿಯಲ್ಲಿ ತೂಕ ನೋಡಿದಾಗ ಮೊದಲ ಸಲ ಮುಳ್ಳು ಹಿಂದಿನ ತಿಂಗಳಿದ್ದಲ್ಲಿಯೇ ನಿಂತಿತು. ಹಲ್ಲು ಬರುತ್ತಿರಬಹುದೆಂದು ಮಾತಾಡಿಕೊಂಡೆವು. ಮುಂದಿನ ಸಲವೂ ಅಲ್ಲಿಯೇ ನಿಂತಿತು. ಅಷ್ಟರಲ್ಲಿ ಓಣಿಯ ಮಾತು ಬದಲಾಗಿತ್ತು. ಪಕ್ಕದ ಮನೆಯಾಕೆ ಒಂದು ದಿನ ಸೃಷ್ಟಿಯನ್ನು ಎತ್ತಿಕೊಂಡು, “ಏನ್ ನೀಲವ್ವಾ, ನಮ್ಮ ಬೆಕ್ಕಿನ ಮರಿ ಇದಕಿಂತ ಭಾರ ಅದಲ್ಲ,” ಎಂದಳು.

“ಬೆಕ್ಕಿಗೇ ತೊಟ್ಟಿಲಾ ಕಟ್ಟು ಹೋಗು,” ಎಂದು ಅತ್ತೆಯವರು ಕೂಸನ್ನು ಕಸಿದುಕೊಂಡರು. ಅಂದು ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಆಮೇಲೆ ಕಟ್ಟನ್ನು ಇನ್ನೊಂದು ಒಳಲೆ ಹೆಚ್ಚಿಗೆ ಕುಡಿಸಿದರು. ನಾನು ತಡೆಯಲಿಲ್ಲ. ನನಗೂ ಬೇರೆ ಉಪಾಯ ತಿಳಿದಿರಲಿಲ್ಲ.

ನಂತರ ಭೇದಿ ಶುರುವಾಯಿತು, ಜ್ವರವೂ ಬಂತು. ಎರಡೂ ಇಳಿದವು, ಆದರೆ ಕೂಸು ಮೇಲೇಳಲಿಲ್ಲ. ಅಂಬೆಗಾಲಿಡಲು ಕೈಯೂರುತ್ತಿದ್ದವಳು ಕೈಯೂರುವುದನ್ನು ಬಿಟ್ಟಳು. ತೊಡೆಯ ಚರ್ಮ ಸಡಿಲವಾಯಿತು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ ಸಂಗತಿಯೆಂದರೆ, ಅವಳು ಅಳುವುದನ್ನು ಕಡಿಮೆ ಮಾಡಿದಳು. ನಾನು ಕಚೇರಿಗೆ ಹೊರಟಾಗ ಸೆರಗು ಹಿಡಿದು ಎಳೆಯುತ್ತಿದ್ದ ಕೂಸು ಸುಮ್ಮನೆ ನೋಡುತ್ತಿತ್ತು. ಕಮಲಾಪುರದ ವೈದ್ಯರು ತೋಳಿಗೆ ಅಳತೆಪಟ್ಟಿ ಸುತ್ತಿ ನೋಡಿ, ಕಲಬುರಗಿಯ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು.

“ಮಗುವಿನ ಅನಾರೋಗ್ಯದ ನಿಮಿತ್ತ” ಎಂಬ ರಜೆ ಅರ್ಜಿಯನ್ನು ನಾನು ಸಹೋದ್ಯೋಗಿಗಳಿಗಾಗಿ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಆ ದಿನ ನನ್ನದನ್ನು ಟೈಪ್ ಮಾಡಲು ಕುಳಿತಾಗ ಆ ಮೂರು ಶಬ್ದಗಳ ಬಳಿ ಬೆರಳುಗಳು ನಿಂತುಬಿಟ್ಟವು. ನಮ್ಮ ಸಾಹೇಬರು ಹಿಂದಿನಿಂದ ನೋಡಿ, “ಅರ್ಜಿ ಆಮ್ಯಾಲ ಕೊಡೂವಂತಿ, ಮೊದಲು ಬಸ್ ಹಿಡಿ ತಂಗಿ,” ಎಂದರು. ಅವರಿಗೆ ಈ ಮೂಲಕ ಕೃತಜ್ಞತೆ ಸಲ್ಲಿಸುತ್ತೇನೆ.

ಆಸ್ಪತ್ರೆಯ ಮಕ್ಕಳ ವಿಭಾಗದ ಮುಂದೆ ಉದ್ದನೆಯ ಬೆಂಚುಗಳು. ಅಲ್ಲಿ ಕುಳಿತ ಪ್ರತಿಯೊಬ್ಬ ತಾಯಿಯೂ ಪಕ್ಕದವಳ ಕೂಸನ್ನು ಕಣ್ಣಿನಲ್ಲಿಯೇ ತೂಗುತ್ತಾಳೆಂಬುದನ್ನು ಅಂದು ಕಲಿತೆ. ನಾನೂ ತೂಗುತ್ತಿದ್ದೆ. ನಮ್ಮದಕ್ಕಿಂತ ತೆಳುವಾದ ಕೂಸು ಕಂಡರೆ ಧೈರ್ಯ ಬರುತ್ತಿತ್ತು, ಹಿಂದೆಯೇ ಆ ಧೈರ್ಯಕ್ಕೆ ನಾಚಿಕೆಯೂ ಆಗುತ್ತಿತ್ತು. ಅತ್ತೆಯವರು ಕೈಚೀಲವನ್ನು ಎದೆಗೆ ಅಪ್ಪಿಕೊಂಡು ಕುಳಿತಿದ್ದರು. ಶರಣು ಮಿಲ್ಲಿನಿಂದ ನೇರ ಬಂದವರು ಗೋಡೆಗೆ ಒರಗಿ ನಿಂತಿದ್ದರು. ಅವರ ಹುಬ್ಬಿನ ಮೇಲೆ ಬೇಳೆಯ ಧೂಳು ಹಾಗೆಯೇ ಇತ್ತು.

ಮಕ್ಕಳ ವೈದ್ಯೆಯೊಬ್ಬರು ನಮ್ಮನ್ನು ಒಳಗೆ ಕರೆದು ಒಂದು ಸಣ್ಣ ಬಟ್ಟಲಿನಲ್ಲಿ ಗಟ್ಟಿ ಆಹಾರ ಕೊಟ್ಟು, ತಿನ್ನಿಸಲು ಹೇಳಿದರು. ತಿಂದರೆ ಮನೆಗೆ ಹೋಗಿ ಆರೈಕೆ ಮಾಡಬಹುದು, ತಿನ್ನದಿದ್ದರೆ ದಾಖಲಿಸಬೇಕು ಎಂದರು. ನಾನು ಚಮಚವನ್ನು ಬಾಯಿಯ ಬಳಿ ಒಯ್ದೆ. ಸೃಷ್ಟಿ ತಲೆಯನ್ನು ಹಿಂದಕ್ಕೆ ಚಾಚಿ, ಹಕ್ಕಿಮರಿಯಂತೆ ಬಾಯಿ ಮೇಲೆ ಮಾಡಿ ಕಾದಳು. ಚಮಚ ಒಳಗೆ ಹೋದೊಡನೆ ನಾಲಿಗೆಯಿಂದ ಎಲ್ಲವನ್ನೂ ಹೊರಗೆ ತಳ್ಳಿದಳು. ಮತ್ತೆ ಇಟ್ಟೆ, ಮತ್ತೆ ತಳ್ಳಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಾಯಿಗೆ ಬಂದದ್ದು ತಾನಾಗಿಯೇ ಗಂಟಲಿಗೆ ಇಳಿಯುತ್ತದೆಂದು ಅವಳು ತಿಳಿದಿದ್ದಳು, ಇದು ಇಳಿಯಲಿಲ್ಲ.

ವೈದ್ಯೆಯವರು ಅತ್ತೆಯವರನ್ನು ಕೇಳಿದರು, “ದಿನಕ್ಕ ಏನೇನ್ ಕೊಡ್ತೀರಿ ಅಮ್ಮಾ?”

“ಏನ್ ಕೊಡಂಗಿಲ್ಲ ಅಂತ ಕೇಳ್ರಿ ಡಾಕ್ಟರಬಾಯಿ. ಬ್ಯಾಳಿ ಕಟ್ಟು, ಗಂಜಿ ತಿಳಿ, ಸೋಸಿದ ರವಾದ ಅಂಬಲಿ. ಹೊಟ್ಟಿ ಡಬ್ಬ ಆಗೋ ತನಕ ಕುಡಸ್ತೀನ್ರಿ. ಮಗಾ ಮಿಲ್ಲಿಂದ ಒಂದನೇ ನಂಬರ ಬ್ಯಾಳಿ ತರ್ತಾನ.”

“ಈಗ ತಂದೀರೇನು?”

“ತರದೇ ಬರ್ತೀನೇನ್ರಿ?” ಎಂದು ಅತ್ತೆಯವರು ಚೀಲದಿಂದ ಥರ್ಮಾಸನ್ನೂ ಒಳಲೆಯನ್ನೂ ತೆಗೆದರು. ಕೂಸನ್ನು ಕಾಲಿನ ಮೇಲೆ ಹಾಕಿಕೊಂಡು, ಒಂದು ಹನಿಯೂ ಚೆಲ್ಲದಂತೆ, ಬಹಳ ಚೆಂದವಾಗಿ ಕುಡಿಸಿ ತೋರಿಸಿದರು. ಸೃಷ್ಟಿ ಗುಟುಗುಟು ನುಂಗಿದಳು. ಅತ್ತೆಯವರು ತಲೆಯೆತ್ತಿ ವೈದ್ಯೆಯನ್ನು ನೋಡಿದರು.

ವೈದ್ಯೆ ಕೈ ಚಾಚಿ, “ಜರಾ ನನ್ನ ಅಂಗೈಯ್ಯಾಗ ಹಾಕ್ರಿ,” ಎಂದರು. ಕಟ್ಟು ಅವರ ಬೆರಳುಗಳ ನಡುವಿನಿಂದ ಹರಿದು ನೆಲಕ್ಕೆ ಬಿತ್ತು. ಅಂಗೈಯಲ್ಲಿ ತುಸು ಹಳದಿ ಬಣ್ಣವಷ್ಟೇ ಉಳಿಯಿತು. ಆಮೇಲೆ ಬಟ್ಟಲಿನಲ್ಲಿದ್ದ ಗಟ್ಟಿ ಆಹಾರವನ್ನು ಒಳಲೆಗೆ ಹಾಕಿ ಬಗ್ಗಿಸಿದರು. ಅದು ಮೂತಿಯವರೆಗೆ ಬಂದು ನಿಂತಿತು.

“ಬ್ಯಾಳಿ ನಿಮ್ದು ಚಲೋನೇ ಅದ. ಕೂಸಿಗಿ ಮುಟ್ಟಿದ್ದು ಅದರ ನೀರಷ್ಟೇ. ಹೊಟ್ಟಿ ತುಂಬ್ತದ, ಮೈ ತುಂಬಂಗಿಲ್ಲ. ಇದರ ಮೂತ್ಯಾಗ ಹಾಯಬೇಕಂತ ನೀವು ಎಲ್ಲಾನೂ ತಿಳಿ ಮಾಡ್ಕೋತ ಬಂದೀರಿ.”

“ಹಂಗಾರ ನನ್ನ ಮಗ ಹೆಂಗ ಬೆಳದಾನ್ರಿ?” ಅತ್ತೆಯವರು ಬಾಗಿಲ ಕಡೆ ಕೈ ತೋರಿಸಿದರು. ಶರಣು ಎತ್ತರದವರು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. “ಇದೇ ಒಳಲಿ, ಇದೇ ಕಟ್ಟು. ನೋಡ್ರಿ ಅವನಿಗಿ.”

ವೈದ್ಯೆ ನೋಡಿದರು. “ಅದು ನನಗ ಗೊತ್ತಿಲ್ರಿ ಅಮ್ಮಾ. ಈ ಕೂಸಿಂದಷ್ಟೇ ನಾ ಹೇಳಬಲ್ಲೆ,” ಎಂದರು.

ಅತ್ತೆಯವರು ಒಳಲೆಯನ್ನು ಸೆರಗಿನಲ್ಲಿ ಒರೆಸಿ, ಸೆರಗಿನ ತುದಿಯಲ್ಲಿಯೇ ಗಂಟು ಹಾಕಿಕೊಂಡರು. ನಮ್ಮನ್ನು ವಾರ್ಡಿಗೆ ಸೇರಿಸಿಕೊಂಡರು. ಶರಣು ತಮ್ಮ ತಾಯಿಯನ್ನು ಕಮಲಾಪುರದ ಬಸ್ಸಿಗೆ ಕೂರಿಸಿ ಬಂದು, “ಅವ್ವ ಕಿಡಕಿ ಕಡಿ ಮುಖಾ ಮಾಡಿ ಕುಂತ್ಳು,” ಎಂದಷ್ಟೇ ಹೇಳಿದರು. ಅತ್ತೆಯವರು ಮತ್ತೆ ಬರುವರೋ ಇಲ್ಲವೋ ಎಂಬುದು ನನಗೆ ಖಾತ್ರಿಯಿರಲಿಲ್ಲ.

ವಾರ್ಡು ನಾನು ಹೆದರಿದ ಹಾಗಿರಲಿಲ್ಲ. ಗೋಡೆಯ ಮೇಲೆ ಹಣ್ಣು ತರಕಾರಿಗಳ ಚಿತ್ರಗಳು, ನೆಲಕ್ಕೆ ಚಾಪೆ, ಮೂಲೆಯಲ್ಲಿ ಒಂದು ಅಡುಗೆಮನೆ. ಪಕ್ಕದ ಹಾಸಿಗೆಯಲ್ಲಿ ಶಬಾನಾ ಎಂಬವರು ತಮ್ಮ ಮಗಳು ಝೋಯಾಳ ಜೊತೆಗಿದ್ದರು. ಅವರ ಪತಿ ಸ್ಟೇಶನ್ ಬಜಾರದಲ್ಲಿ ಆಟೋ ಓಡಿಸುತ್ತಾರೆ. ಅವರ ಕೂಸು ನಮಗಿಂತ ಮೊದಲು ಸೇರಿ, ಆಗಲೇ ಚೇತರಿಸಿಕೊಂಡಿತ್ತು. ನನ್ನನ್ನು ಅವರು ಬಾಜಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ನಾನು ಚಮಚ ಹಿಡಿದು ಸೋಲುವುದನ್ನು ನೋಡಿ ಅವರು ನಕ್ಕರು.

“ಫಿಕರ್ ಮಾಡಬ್ಯಾಡ್ರಿ ಬಾಜಿ. ನಮ್ಮ ಪೋರಿ ಮೊದಲಿಗಿ ಚಮಚಾ ಕಂಡ್ರ ಪೊಲೀಸ್ ಕಂಡಂಗ ಮಾಡ್ತಿದ್ಲು. ಈಗ ನೋಡ್ರಿ, ಚಮಚಾನೇ ನುಂಗಾಕ ಹೊಂಟಾಳ.”

ಮೊದಮೊದಲು ವಾರ್ಡಿನಲ್ಲಿ ಕೊಡುವ ಹಾಲನ್ನು ಸೃಷ್ಟಿ ಬಟ್ಟಲಿನಿಂದ ಗುಟುಕರಿಸಿದಳು. ಬಳಿಕ ಅದನ್ನೂ ಅರ್ಧಕ್ಕೆ ಬಿಡತೊಡಗಿದಳು. ಗಟ್ಟಿ ಆಹಾರವನ್ನಂತೂ ಮುಟ್ಟಲಿಲ್ಲ. ತೂಕದ ಯಂತ್ರದ ಮೇಲೆ ಕೂರಿಸುವಾಗ ನಾನು ಅಂಕಿಯನ್ನು ನೋಡದೆ ನರ್ಸಮ್ಮನ ಮುಖವನ್ನೇ ನೋಡುತ್ತಿದ್ದೆ. ಒಂದು ಸಂಜೆ ವೈದ್ಯೆ ಬಂದು ನನ್ನ ಪಕ್ಕದಲ್ಲಿಯೇ ಕುಳಿತರು.

“ನಾಳಿ ಸಂಜಿ ತನಕ ನೋಡೋಣ. ಬಾಯಿಲೆ ಸಾಕಷ್ಟು ಹೋಗಲಿಲ್ಲಂದ್ರ ಮೂಗಿನಿಂದ ನಳಿ ಹಾಕಬೇಕಾಗ್ತದ. ಅದಕ್ಕ ಹೆದರಬ್ಯಾಡ್ರಿ, ಕೂಸಿನ ಒಳ್ಳೇದಕ್ಕೇ ಹಾಕಾದು. ಖರೇ ಅಂದ್ರ, ಈಕಿಗಿ ಉಣ್ಣಾದು ಹೆಂಗಂತನೇ ಗೊತ್ತಿಲ್ಲ. ಈಗ ಕಲೀಲಿಲ್ಲಂದ್ರ ಮುಂದ ಕಲಸಾದು ಇನ್ನಾ ತ್ರಾಸ ಆಗ್ತದ.”

ಶರಣುವಿಗೆ ಹೊರಗಿನ ಕಟ್ಟೆಯ ಮೇಲೆ ಈ ವಿಷಯ ತಿಳಿಸಿದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. “ಊರೂರಿಗೆಲ್ಲಾ ಬ್ಯಾಳಿ ಕಳಸ್ತೀವಿ ಭಾಗ್ಯಾ. ನಮ್ಮ ಕೂಸಿಗಿ ಬ್ಯಾಳಿ ತೊಳದ ನೀರು,” ಎಂದರು. ಆಮೇಲೆ ತಾವೇ ಎದ್ದು, “ಅವ್ವಗ ಹಿಂಗನ್ನಬ್ಯಾಡ,” ಎಂದರು. ನಾನು ಅನ್ನುವವಳಿರಲಿಲ್ಲ. ಸೋಸುವಾಗ ಅತ್ತೆಯವರ ಕೈ ಸುಟ್ಟು ಬೊಬ್ಬೆಯೆದ್ದುದನ್ನು ನಾನು ಕಂಡಿದ್ದೆ.

ಮರುದಿನ ಮಧ್ಯಾಹ್ನದ ಸಂಗತಿಯನ್ನು ಸ್ವಲ್ಪ ವಿವರವಾಗಿ ದಾಖಲಿಸಲು ಅನುಮತಿ ಕೋರುತ್ತೇನೆ.

ಊಟದ ಹೊತ್ತು. ತಾಯಂದಿರೆಲ್ಲ ಚಾಪೆಯ ಮೇಲೆ ಕುಳಿತಿದ್ದೆವು. ಶಬಾನಾ ಝೋಯಾಳನ್ನು ಎದುರಿಗೆ ಕೂರಿಸಿ ಸ್ಟೀಲಿನ ತಾಟಿನಲ್ಲಿ ವಾರ್ಡಿನ ಖಿಚಡಿ ಹಾಕಿಕೊಟ್ಟಿದ್ದರು. ಕೂಸು ಎರಡೂ ಕೈಯಿಂದ ಅದನ್ನು ಹಿಚುಕಿ, ಅರ್ಧ ಬಾಯಿಗೆ, ಅರ್ಧ ಅಂಗಿಗೆ ಹಾಕಿಕೊಳ್ಳುತ್ತಿತ್ತು. ನಾನು ಸೃಷ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಮಚ ಹಿಡಿದಿದ್ದೆ. ಅವಳು ಮುಖ ತಿರುಗಿಸಿದಳು. ಮತ್ತೆ ಪ್ರಯತ್ನಿಸಿದೆ. ಕೊನೆಗೆ ನನ್ನ ಕೈಯೇ ಸೋತು ಬಟ್ಟಲನ್ನು ಕೆಳಗಿಟ್ಟೆ.

ಬಟ್ಟಲು ದೂರವಾದ ಮೇಲೆ ಅವಳ ಕಣ್ಣು ಝೋಯಾಳ ಕಡೆ ಹೋಯಿತು. ಇನ್ನೊಂದು ಕೂಸು ಉಣ್ಣುವುದನ್ನು, ಅಷ್ಟೇಕೆ, ಯಾರಾದರೂ ಉಣ್ಣುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನಮ್ಮ ಊಟದ ಹೊತ್ತಿಗೆ ಅವಳು ಯಾವಾಗಲೂ ತೊಟ್ಟಿಲಲ್ಲಿರುತ್ತಿದ್ದಳು. ಅವಳು ಝೋಯಾಳ ಬಾಯಿಯನ್ನೇ ನೋಡಿದಳು. ಆ ದವಡೆ ಆಡಿದಂತೆ ಇವಳ ತುಟಿಯೂ ಆಡಿತು. ಆಮೇಲೆ ನನ್ನ ತೊಡೆಯಿಂದ ಮುಂದಕ್ಕೆ ಬಾಗಿ, ಎಷ್ಟೋ ದಿನಗಳ ನಂತರ ನೆಲಕ್ಕೆ ಕೈಯೂರಿ, ಇನ್ನೊಂದು ಕೈಯನ್ನು ಝೋಯಾಳ ತಾಟಿನಲ್ಲಿ ಹಾಕಿದಳು. ಮುಷ್ಟಿ ತುಂಬ ಹಿಡಿದು ಬಾಯಿಗೆ ತಂದಳು. ಬಹಳಷ್ಟು ಉದುರಿತು. ಸ್ವಲ್ಪ ಒಳಗೆ ಹೋಯಿತು. ಹೋದೊಡನೆ ಕೆಮ್ಮು ಬಂದು ಮುಖ ಕೆಂಪಾಯಿತು.

ನಾನು ಎಳೆದುಕೊಳ್ಳಲು ಹೋದೆ. ಶಬಾನಾ ನನ್ನ ಮೊಣಕೈ ಹಿಡಿದರು. “ಕೆಮ್ಮಲಿ ಬಿಡ್ರಿ ಬಾಜಿ. ಕೆಮ್ಮಾಕತ್ತಾಳಂದ್ರ ಉಸಿರು ನಡದದ. ಹಿಂಗೇ ಕಲೀತಾವ.”

ಕೆಮ್ಮು ನಿಂತಿತು. ಬಾಯಿ ಮುಚ್ಚಿತು. ನಾಲಿಗೆ ಒಳಗೆ ಏನನ್ನೋ ಹುಡುಕಿತು. ಆಮೇಲೆ ನುಂಗಿದಳು. ಕೂಡಲೇ ಕೈ ಮತ್ತೆ ತಾಟಿಗೆ ಹೋಯಿತು. ಝೋಯಾ ತಾಟನ್ನು ತನ್ನ ಕಡೆ ಎಳೆದುಕೊಂಡಳು.

“ಏ ಕಂಜೂಸ್, ಜರಾ ಸರಕ,” ಎಂದು ಶಬಾನಾ ತಾಟನ್ನು ಇಬ್ಬರ ನಡುವೆ ಇಟ್ಟರು.

ನಾನು ತಲೆಯೆತ್ತಿದಾಗ ವಾರ್ಡಿನ ಬಾಗಿಲಲ್ಲಿ ಅತ್ತೆಯವರು ಬುತ್ತಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ನನ್ನ ಅತ್ತೆಯವರು ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ. ನೆಂಟರ ಮನೆಗೆ ಹೋದರೂ ತಮ್ಮ ಲೋಟ ತಾವೇ ಒಯ್ಯುವವರು. ಮೊಮ್ಮಗಳು ಬೇರೆ ಮನೆಯ ಕೂಸಿನ ಎಂಜಲ ತಾಟಿನಲ್ಲಿ ಕೈಯಿಟ್ಟಿದ್ದಳು. ಶಬಾನಾರಿಗೂ ಅದು ಹೊಳೆದಿರಬೇಕು. ಅವರು ತಾಟಿನ ಅಂಚಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅತ್ತೆಯವರು ಒಂದು ಮಾತು ಅಂದಿದ್ದರೆ ಆ ಹೊತ್ತು ಅಲ್ಲಿಗೇ ಮುಗಿಯುತ್ತಿತ್ತು.

ಅವರು ಹತ್ತಿರ ಬಂದು, ಮೊಣಕಾಲು ಹಿಡಿದುಕೊಂಡು ಚಾಪೆಯ ಮೇಲೆ ಕುಳಿತರು. ತಾಟನ್ನು ನೋಡಿದರು, ಕೂಸಿನ ಬಾಯಿಯನ್ನು ನೋಡಿದರು. ಶಬಾನಾರನ್ನು ಕೇಳಿದರು, “ಇದರಾಗ ಖಾರ ಹಾಕಿರೇನವಾ?”

“ಇಲ್ಲಮ್ಮಾ. ಆಸ್ಪತ್ರಿದು ಅದ, ಉಪ್ಪಿಗೂ ಹುಡಕಬೇಕು.”

“ಹಂಗಾರ ತಿನ್ಲಿ.”

ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ತುಪ್ಪ, ಮತ್ತು ಒಂದು ಡಬ್ಬಿಯಲ್ಲಿ ಸೋಸದ ಗಟ್ಟಿ ಬೇಳೆ. ರೊಟ್ಟಿಯನ್ನು ಬೇಳೆಯಲ್ಲಿ ಹಾಕಿ ಬೆರಳಿನಿಂದ ಹಿಟ್ಟಿನಂತೆ ಮಿದ್ದು, ಅದೇ ತಾಟಿನ ಒಂದು ಬದಿಗೆ ಇಟ್ಟರು. ಝೋಯಾ ಮೊದಲು ಅದಕ್ಕೇ ಕೈ ಹಾಕಿದಳು. ಸೃಷ್ಟಿಯೂ ಹಾಕಿದಳು. ಅತ್ತೆಯವರು ತಾವೂ ಒಂದು ತುತ್ತು ಬಾಯಿಗಿಟ್ಟುಕೊಂಡು, ಕೂಸಿನ ಮುಖದ ಮುಂದೆ ದವಡೆ ದೊಡ್ಡದಾಗಿ ಆಡಿಸುತ್ತ ಅಗಿದು ತೋರಿಸಿದರು. “ಹಿಂಗ. ಅಗಿ. ಹಿಂಗ.” ಹೀಗೆ ಮಾಡುತ್ತಿದ್ದವರ ಬಾಯಿ ನಡುವೆಯೇ ನಿಂತಿತು.

“ಭಾಗ್ಯಾ, ನಮ್ಮತ್ತಿ ಹಿಂಗೇ ಕೂಡತಿದ್ಲು.”

ನಾನು ಅವರ ಮುಖ ನೋಡಿದೆ.

“ಶರಣ್ಯಾಗ ತನ್ನ ತಾಟಿನ ಮುಂದ ಕೂಡಿಸ್ಕೊಂಡು, ಬಾಯಿ ಹಿಂಗ್ ಮಾಡ್ಕೋತ. ನಾ ಮುಂಜಾನಿ ಹೊಲಕ್ಕ ಹೋದ್ರ ಹೊತ್ತು ಮುಣಗಿದ ಮ್ಯಾಲೇ ಬರ್ತಿದ್ದೆ. ಬಂದು ಒಳಲಿಲೆ ಕಟ್ಟು ಕುಡಿಸಿ ಮಲಗಸ್ತಿದ್ದೆ. ಹಗಲೆಲ್ಲಾ ಅಕಿ ಏನ್ ಉಣಿಸ್ಯಾಳ ಅಂತ ನಾ ಒಂದಿನಾನೂ ಕೇಳಿಲ್ಲ. ಹುಡುಗ ಬೆಳದ. ನನ್ನ ಕಟ್ಟಿಗೇ ಬೆಳದಾನ ಅಂತ ತಿಳಕೊಂಡು ಕುಂತೆ.”

ಶಬಾನಾ ಎಂದರು, “ಹಂಗಾರ ನಿಮ್ಮತ್ತಿಗಿ ನಮ್ಮದೊಂದು ಸಲಾಮ್ ಹೇಳ್ರಿ ಅಮ್ಮಾ.”

“ಅಕಿ ಹೋಗಿ ಭಾಳ ದಿನಾ ಆಯ್ತವಾ. ಇದ್ದಾಗ ಬರೇ ಜಗಳಾ ಮಾಡೀನಿ ಅಕಿ ಕೂಡ.” ಅತ್ತೆಯವರು ಇನ್ನೊಂದು ಚೂರು ರೊಟ್ಟಿ ಮಿದ್ದರು. “ಜಗಳಾ ಮಾಡ್ಕೋತೇ ನನ್ನ ಮಗಗ ಉಣಿಸ್ಯಾಳ ನೋಡು.”

ಅವರು ಹೊಲಕ್ಕೆ ಹೋಗುತ್ತಿದ್ದರು, ನಾನು ಕಚೇರಿಗೆ ಹೋಗುತ್ತೇನೆ. ಆ ವಿಚಾರ ನನ್ನ ಮನಸ್ಸಿಗೂ ಬಂತು. ನಾನೂ ಒಂದು ತುತ್ತು ತೆಗೆದುಕೊಂಡು ಕೂಸಿನ ಮುಂದೆ ಬಾಯಿ ಆಡಿಸಿದೆ.

ಸಂಜೆ ವೈದ್ಯೆ ಬಂದಾಗ ಸೃಷ್ಟಿ ಉಳಿದ ಹಾಲನ್ನೂ ಬಟ್ಟಲಿನಿಂದ ಕುಡಿಯುತ್ತಿದ್ದಳು. ಕೆನ್ನೆಯ ಮೇಲೆ ಬೇಳೆ ಒಣಗಿ ಅಂಟಿಕೊಂಡಿತ್ತು. ವೈದ್ಯೆ ಅದನ್ನು ಉಗುರಿನಿಂದ ಕೆರೆದು ನೋಡಿ, “ನಳಿ ಸದ್ಯಕ್ಕ ಬ್ಯಾಡ,” ಎಂದು ನರ್ಸಮ್ಮನಿಗೆ ಹೇಳಿದರು. ನಾನು ಆ ಆಸ್ಪತ್ರೆಯಲ್ಲಿ ಅತ್ತದ್ದು ಅದೊಂದೇ ಸಲ. ಅತ್ತೆಯವರು, “ಈಗ ಯಾಕ ಅಳತಿ? ಅಳಾದು ಕೂಸಿಗಿ ಬಿಡು, ಅದಕ್ಕೂ ಜರಾ ಶಕ್ತಿ ಬರ್ಲಿ,” ಎಂದರು.

ಮುಂದಿನದೆಲ್ಲ ಒಂದೇ ಏರುವ ದಾರಿಯಾಗಿತ್ತೆಂದು ಬರೆದರೆ ತಪ್ಪಾದೀತು. ಕೆಲವು ದಿನ ಅವಳು ಎಲ್ಲವನ್ನೂ ಉಗುಳಿದಳು. ಒಂದು ಸಲ ಮತ್ತೆ ಹೊಟ್ಟೆ ಕೆಟ್ಟಿತು. ಆದರೆ ಕಲಿತ ಬಾಯಿ ಮರೆಯಲಿಲ್ಲ. ಮೊಟ್ಟೆ ಕೊಡಬಹುದೆಂದು ವೈದ್ಯೆ ಹೇಳಿದಾಗ ಅತ್ತೆಯವರು ಕಿವಿ ಮುಚ್ಚಿಕೊಂಡರು. “ಆಯ್ತ್ರಿ, ಹಂಗಾರ ಶೇಂಗಾ ನುಣ್ಣಗ ಪುಡಿ ಮಾಡಿ ಬ್ಯಾಳ್ಯಾಗ ಕಲಸಿ ಕೊಡ್ರಿ, ಹಾಲು ಮೊಸರು ಬಿಡಬ್ಯಾಡ್ರಿ,” ಎಂದು ವೈದ್ಯೆ ನಕ್ಕು ಬೇರೆ ದಾರಿ ತೋರಿಸಿದರು. ನನ್ನ ಹಾಲನ್ನೂ ನಿಲ್ಲಿಸಬಾರದೆಂದರು. ಬಿಡುಗಡೆಯ ದಿನ ಝೋಯಾ ಆಗಲೇ ಮನೆಗೆ ಹೋಗಿದ್ದಳು. ಶಬಾನಾರ ಪತಿಯೇ ಆಟೋ ತಂದು ನಮ್ಮನ್ನು ಬಸ್ಸಿನವರೆಗೆ ಬಿಟ್ಟರು.

ಈಗ ನಮ್ಮ ಮನೆಯಲ್ಲಿ ಊಟದ ಪದ್ಧತಿ ಬದಲಾಗಿದೆ. ಎಲ್ಲರೂ ನೆಲದ ಮೇಲೆ ಕುಳಿತುಕೊಳ್ಳುತ್ತೇವೆ, ಸೃಷ್ಟಿಗೂ ಸ್ವಂತ ತಾಟು ಉಂಟು. ಚಮಚವನ್ನು ಓರೆ ಮಾಡಿದರೂ ಬೀಳದಷ್ಟು ಗಟ್ಟಿಯಿದ್ದುದನ್ನೇ ಬಡಿಸುತ್ತೇವೆ. ಬೆಳಿಗ್ಗೆ ಹೋಗುವಾಗ ನಾನು, ಇಂದು ಏನು, ಎಷ್ಟು ಸಲ ಎಂದು ಕೇಳುತ್ತೇನೆ. ಸಂಜೆ ಅತ್ತೆಯವರು, ಕೇಳುವ ಮೊದಲೇ, ಏನು ತಿಂದಳು, ಏನು ಉಗುಳಿದಳು ಎಂದು ಹೇಳುತ್ತಾರೆ. ನಮ್ಮೂರಿನ ಕೆಂಪು ಬಾಳೆಹಣ್ಣು ಕೂಸಿಗೆ ಥಂಡಿ ಎಂದು ಮೊದಲು ಮನೆಯೊಳಗೇ ತರಗೊಡುತ್ತಿರಲಿಲ್ಲ. ಈಗ ತಾವೇ ಹಿಚುಕಿ ಕೊಡುತ್ತಾರೆ, ಆದರೆ ಕಡ್ಡಾಯವಾಗಿ ಅಂಗಳದ ಬಿಸಿಲಿನಲ್ಲಿ. “ಬಿಸಲಾಗ ಕುಂತು ತಿಂದ್ರ ಥಂಡಿ ಆಗಂಗಿಲ್ಲ,” ಎಂಬುದು ಅವರ ಆದೇಶ. ಇದಕ್ಕೆ ನಾವು ಯಾರೂ ಮೇಲ್ಮನವಿ ಸಲ್ಲಿಸಿಲ್ಲ. ಅಂಗನವಾಡಿಯ ಮುಳ್ಳು ಪ್ರತಿ ತಿಂಗಳೂ ಸರಿಯುತ್ತಿದೆ. ಪಕ್ಕದ ಮನೆಯಾಕೆ ಈಗ ಬೆಕ್ಕಿನ ಮಾತು ತೆಗೆಯುವುದಿಲ್ಲ.

ಆದ್ದರಿಂದ ನನ್ನಂತಹ ತಾಯಂದಿರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕೂಸಿನ ಹೊಟ್ಟೆ ಉಬ್ಬಿದ್ದನ್ನು ನೋಡಿ ಸಮಾಧಾನಪಡಬೇಡಿ. ತಾವು ಉಣ್ಣುವಾಗ ಕೂಸನ್ನು ತೊಟ್ಟಿಲಲ್ಲಿ ಬಿಡಬೇಡಿ. ತೂಕ ನಿಂತಿದೆ ಎನ್ನಿಸಿದರೆ ಯಾರ ಮನಸ್ಸಿಗೆ ನೋವಾದೀತೆಂದು ಕಾಯದೆ ತೋರಿಸಿ. ನೋವಾದವರು ಬುತ್ತಿ ಕಟ್ಟಿಕೊಂಡು ತಾವಾಗಿಯೇ ಬರುತ್ತಾರೆ. ನಮ್ಮ ಮನೆಯಲ್ಲಿ ಬಂದರು.

ಒಳಲೆಯ ವಿಷಯ ಬಾಕಿ ಉಳಿದಿದೆ. ಅದನ್ನು ಕರಗಿಸಿ ಕೂಸಿಗೆ ಕಾಲ್ಗೆಜ್ಜೆ ಮಾಡಿಸೋಣವೆಂದು ಶರಣು ಒಮ್ಮೆ ಸೂಚಿಸಿದರು. ಅತ್ತೆಯವರು ಒಪ್ಪಲಿಲ್ಲ. ಅದು ಈಗ ದೇವರ ಜಗುಲಿಯ ಮೇಲಿದೆ. ಸಂಜೆ ದೀಪಕ್ಕೆ ಎಣ್ಣೆ ಹಾಕುವುದು ಅದರಿಂದಲೇ. “ಇದರ ಮೂತಿ ಎಣ್ಣಿಗಿ ಬರೋಬ್ಬರಿ ಅದ,” ಎನ್ನುತ್ತಾರೆ.

ನಿನ್ನೆ ಸಂಜೆಯೂ ಹಾಗೆಯೇ ಎಣ್ಣೆ ಹಾಕುತ್ತಿದ್ದರು. ಸೃಷ್ಟಿ ಗೋಡೆ ಹಿಡಿದು ನಡೆಯುತ್ತ ಬಂದಳು. ಕೈಯಲ್ಲಿ ತನ್ನ ತಾಟಿನ ರೊಟ್ಟಿಯ ಚೂರು. ಅದನ್ನು ಅಜ್ಜಿಯ ತುಟಿಗೆ ಒತ್ತಿ, “ಅಗಿ,” ಎಂದಳು. ಅತ್ತೆಯವರಿಗೆ ಇನ್ನೂ ಸಂಜೆಯ ಪೂಜೆ ಆಗಿರಲಿಲ್ಲ. ಒಂದು ಗಳಿಗೆ ಜಗುಲಿಯ ಕಡೆ ನೋಡಿದರು, ಒಂದು ಗಳಿಗೆ ಕೂಸಿನ ಕಡೆ ನೋಡಿದರು. ಆಮೇಲೆ ಒಳಲೆಯನ್ನು ಕೆಳಗಿಟ್ಟು ಬಾಯಿ ತೆರೆದರು. ಕೂಸಿಗೆ ಕಾಣುವಂತೆ, ದವಡೆ ದೊಡ್ಡದಾಗಿ ಆಡಿಸುತ್ತ ಅಗಿದರು.

ಇತಿ ತಮ್ಮ ವಿಶ್ವಾಸಿ,
ಭಾಗ್ಯಶ್ರೀ, ಸೃಷ್ಟಿಯ ತಾಯಿ
ಕಮಲಾಪುರ